ಸಂಧಾನದ ಕೋಣೆಯಲ್ಲಿ ಇಬ್ಬರೇ

ನಾನು ಸೇಡಂ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪತಿ ಹೈದರಾಬಾದಿನ ಖಾಸಗಿ ಕಂಪನಿಯೊಂದರಲ್ಲಿ ನೌಕರಿ ಮಾಡುವವರು. ಮದುವೆಯಾಗಿ ಕೆಲವು ವರ್ಷಗಳ ಮೇಲೆ ಮಗಳನ್ನು ಕರೆದುಕೊಂಡು ನಾನು ಕಲಬುರಗಿಯ ತವರಿಗೆ ಬಂದು ನಿಂತೆ. ಬಹಳ ಕಾಲದ ನಂತರ ಅವರು ಕಲಬುರಗಿಯ ಕೌಟುಂಬಿಕ ನ್ಯಾಯಾಲಯದಲ್ಲಿ, ಹೆಂಡತಿ ಸಕಾರಣವಿಲ್ಲದೆ ಸಂಸಾರ ತೊರೆದಿದ್ದಾಳೆ, ಮರಳಿ ಬಂದು ಬಾಳುವಂತೆ ಆದೇಶಿಸಬೇಕು ಎಂದು ಅರ್ಜಿ ಹಾಕಿದರು. ಆ ಅರ್ಜಿ ಸಾಕ್ಷಿ ವಿಚಾರಣೆಯ ಹಂತಕ್ಕೆ ಹೋಗದೆ ಸಂಧಾನದಲ್ಲೇ ಮುಗಿಯಿತು. ನಾವು ಒಂದಾಗಲಿಲ್ಲ, ಒಪ್ಪಿಕೊಂಡು ಬೇರೆಯಾದೆವು. ಹಾಗಿದ್ದರೂ ಅದು ಸೋತ ಸಂಧಾನವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ಕಡೆ ಕೋರ್ಟಿನ ಸಂಧಾನವೆಂದರೆ ಹೆಣ್ಣುಮಗಳಿಗೆ ಬುದ್ಧಿ ಹೇಳಿ ಗಂಡನ ಮನೆಗೆ ಕಳಿಸುವ ಏರ್ಪಾಡು ಎಂದು ತಿಳಿದವರೇ ಹೆಚ್ಚಿರುವುದರಿಂದ, ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಬರೆದಿಡುವುದು ಅಗತ್ಯವೆನಿಸಿದೆ.

ಜಗಳದ ಮೂಲ ನನ್ನ ಪಗಾರ. ಸಂಬಳದ ಖಾತೆಯ ಎಟಿಎಂ ಕಾರ್ಡು ಅತ್ತೆಯವರ ಬಳಿ ಇತ್ತು. ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಎಂಟು ತೊಲೆ ಬಂಗಾರವನ್ನು ಪತಿಯ ತಂಗಿಯ ಮದುವೆಯ ಹೊತ್ತಿನಲ್ಲಿ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆದಿದ್ದರು. ಅದೇ ಸಮಯಕ್ಕೆ ಕೆಲಸ ಬಿಟ್ಟು ಹೈದರಾಬಾದಿಗೆ ಬರಬೇಕೆಂಬ ಒತ್ತಾಯವೂ ಶುರುವಾಯಿತು. ಕರ್ನಾಟಕ ಸರ್ಕಾರದ ಶಾಲೆಯ ಶಿಕ್ಷಕಿ ಬೇರೆ ರಾಜ್ಯಕ್ಕೆ ವರ್ಗಾವಣೆ ಪಡೆದು ಹೋಗುವ ದಾರಿ ನನಗೆ ಕಾಣಲಿಲ್ಲ. ಹೋಗುವುದಾದರೆ ರಾಜೀನಾಮೆ ಕೊಟ್ಟೇ ಹೋಗಬೇಕಿತ್ತು. ಪಗಾರವೂ ಬೇಕು, ಕೆಲಸವೂ ಬಿಡಬೇಕು ಎಂಬ ಈ ಎರಡು ಮಾತು ಒಂದೇ ಮನೆಯಿಂದ ಬರುತ್ತಿದ್ದವು. ಪಗಾರ ಬೇಕೆಂದವರು ಒಬ್ಬರು, ಕೆಲಸ ಬಿಡೆಂದವರು ಇನ್ನೊಬ್ಬರು ಎಂಬುದು ನನಗೆ ಸ್ಪಷ್ಟವಾದದ್ದು ಸಂಧಾನದ ಕೋಣೆಯಲ್ಲಿ.

ಅದಕ್ಕೂ ಮೊದಲು ಹಿರಿಯರ ಪಂಚಾಯ್ತಿ ನಡೆದಿತ್ತು. ಆಳಂದ ತಾಲ್ಲೂಕಿನ ಅವರ ಊರಿನಲ್ಲಿ ಪತಿಯ ಕಾಕಾ, ನನ್ನ ಸೋದರಮಾವ, ಊರಿನ ಇನ್ನಿಬ್ಬರು ಹಿರಿಯರು ಪಡಸಾಲೆಯಲ್ಲಿ ಕುಳಿತು ಅರ್ಧ ದಿನ ಮಾತಾಡಿದರು. ಯಾರ ಮನೆತನ ಎಂಥದು, ಮದುವೆಯಲ್ಲಿ ಯಾರು ಯಾರಿಗೆ ಸರಿಯಾಗಿ ಮರ್ಯಾದೆ ಮಾಡಲಿಲ್ಲ ಎಂಬುದರ ಸುತ್ತಲೇ ಮಾತು ತಿರುಗಿತು. ನಾನು ಒಳಗೆ ಕುಳಿತು ಕೇಳಿಸಿಕೊಂಡೆ. ಪತಿಯೂ ಹೊರಗಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಕೊನೆಗೆ ನನ್ನನ್ನು ಕರೆದು, "ಹಿರ್ಯಾರ ಮಾತಿಗಿ ಹೂಂ ಅನ್ನವ್ವಾ" ಎಂದರು. ಹೂಂ ಎಂದೆ. ತಿಂಗಳು ಕಳೆಯುವುದರೊಳಗೆ ಎಲ್ಲವೂ ಹಳೆಯ ಸ್ಥಿತಿಗೆ ಬಂತು. ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ಪ್ರೀತಿಯಿಂದಲೇ ಬಂದವರು. ಆದರೆ ಆ ಪಂಚಾಯ್ತಿಯಲ್ಲಿ ಬಾಯಿ ತೆರೆಯದೆ ಇದ್ದವರು ಗಂಡ ಹೆಂಡತಿ ಇಬ್ಬರೇ.

ಸಮನ್ಸು ಶಾಲೆಯ ವಿಳಾಸಕ್ಕೆ ಬಂತು. ಹಿಂದೂ ವಿವಾಹ ಕಾಯ್ದೆ, 1955ರ 9ನೇ ಕಲಮಿನಡಿ ದಾಂಪತ್ಯದ ಹಕ್ಕುಗಳನ್ನು ಮರಳಿ ಕೊಡಿಸಬೇಕೆಂಬ ಅರ್ಜಿ ಅದು. ಸಹೋದ್ಯೋಗಿಗಳು ಓದಿ, ಪೊಲೀಸರು ಬಂದು ಕರೆದೊಯ್ಯುತ್ತಾರೇನೋ ಎಂದು ಗಾಬರಿಯಾದರು. ವಕೀಲರು ಮೊದಲು ಬಿಡಿಸಿ ಹೇಳಿದ್ದು ಅದನ್ನೇ. ಈ ಕಲಮಿನಡಿ ಡಿಕ್ರಿಯಾದರೂ ಯಾರನ್ನೂ ಬಲವಂತವಾಗಿ ಎಳೆದೊಯ್ಯುವಂತಿಲ್ಲ. ಡಿಕ್ರಿ ಪಾಲಿಸದವರ ಆಸ್ತಿಯನ್ನು ಜಪ್ತಿ ಮಾಡಿಸಲು ಅವಕಾಶವಿದೆ, ಮತ್ತು ಡಿಕ್ರಿಯಾಗಿ ಒಂದು ವರ್ಷ ಕಳೆದರೂ ಕೂಡಿ ಬಾಳದಿದ್ದರೆ ಅದೇ ಕಾರಣದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಪತಿ ಹೈದರಾಬಾದಿನಲ್ಲಿದ್ದರೂ ಕಲಬುರಗಿಗೇ ಬಂದು ಅರ್ಜಿ ಹಾಕಿದ್ದಕ್ಕೆ ಕಾರಣ, ಎದುರುದಾರರು ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಆ ಅಧಿಕಾರವಿರುವುದು. ನಾನು ಆಕ್ಷೇಪಣೆಯ ಜೊತೆಗೆ ಮಗಳಿಗಷ್ಟೇ ಜೀವನಾಂಶ ಕೇಳಿ ಪ್ರತ್ಯೇಕ ಅರ್ಜಿ ಸಲ್ಲಿಸಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಈ ಪರಿಹಾರ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ನನಗೆ ಸಂಬಳವಿರುವಾಗ ನನ್ನ ಹೆಸರಿನಲ್ಲಿ ಕೇಳುವುದು ಸರಿಯೆನಿಸಲಿಲ್ಲ.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇಂಥ ನ್ಯಾಯಾಲಯವನ್ನು ಸ್ಥಾಪಿಸಲೇಬೇಕು. ಉಳಿದ ಕಡೆ ಅಗತ್ಯ ಕಂಡಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಬಹುದು. ಈ ಕಾಯ್ದೆಯ 9ನೇ ಕಲಮನ್ನು ನಾನು ವಕೀಲರ ಪುಸ್ತಕದಲ್ಲಿ ಎರಡೆರಡು ಸಲ ಓದಿದೆ. ಪ್ರಕರಣದ ಸ್ವರೂಪಕ್ಕೆ ಹೊಂದುವ ಕಡೆಗಳಲ್ಲೆಲ್ಲ ಮೊದಲು ಪಕ್ಷಗಾರರು ರಾಜಿಗೆ ಬರಲು ನೆರವಾಗುವುದು ನ್ಯಾಯಾಲಯದ ಕರ್ತವ್ಯ, ರಾಜಿಯ ಸಾಧ್ಯತೆ ಕಂಡರೆ ಅದಕ್ಕಾಗಿ ನಡಾವಳಿಯನ್ನು ಮುಂದೂಡಲೂಬಹುದು ಎಂದು ಅದು ಹೇಳುತ್ತದೆ. ನ್ಯಾಯಾಧೀಶರಿಗೆ ಮನಸ್ಸು ಬಂದರೆ ಮಾಡುವ ಉಪಕಾರ ಇದಲ್ಲ, ಕಾನೂನು ಅವರ ಮೇಲೆ ಹೊರಿಸಿದ ಕೆಲಸ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಕೂಡ ಪರಿಹಾರ ಕೊಡುವ ಮುನ್ನ ದಂಪತಿಯನ್ನು ಒಂದುಗೂಡಿಸುವ ಪ್ರಯತ್ನ ಮಾಡಬೇಕೆಂದು ಹೇಳುತ್ತದೆ.

ಮೊದಲ ತಾರೀಖಿನ ದಿನ ಕೋರ್ಟಿನ ಪಡಸಾಲೆಯಲ್ಲಿ ನನ್ನಂಥವರು ಬಹಳ ಮಂದಿ ಇದ್ದರು. ಜೇವರ್ಗಿ, ಅಫಜಲಪುರದ ಕಡೆಯಿಂದ ಸರ್ಕಾರಿ ಬಸ್ಸಿಗೆ ಬಂದ ಹೆಣ್ಣುಮಕ್ಕಳು, ಅವರ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಅವ್ವ. ಬುರ್ಖಾ ತೊಟ್ಟ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕುಳಿತು ತನ್ನ ತಾರೀಖು ಕೇಳಿಕೊಳ್ಳುತ್ತಿದ್ದಳು. ಅವಳ ಮದುವೆಗೆ ಅನ್ವಯಿಸುವ ಕಾನೂನು ಬೇರೆ, ಆದರೆ ಕುಳಿತುಕೊಳ್ಳುವ ಬೆಂಚೂ ಸಂಧಾನದ ಕೋಣೆಯೂ ಒಂದೇ. ಅವಳ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಕೊಟ್ಟಿದ್ದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆ ಎಂಬುದೇ ಉಚಿತ ನೆರವಿಗೆ ಸಾಕಾದ ಅರ್ಹತೆ, ಆದಾಯದ ಮಿತಿ ಆಕೆಗೆ ಅಡ್ಡಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಈ ಒಂದು ಮಾತು ತಿಳಿದಿದ್ದರೆ ಫೀಜಿನ ಭಯಕ್ಕೆ ಸುಮ್ಮನಿರುವ ಎಷ್ಟೋ ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಿಯಾರು.

ನ್ಯಾಯಾಧೀಶರು ಇಬ್ಬರನ್ನೂ ಹತ್ತಿರ ಕರೆದು, ಮಗುವಿನ ವಯಸ್ಸು ಕೇಳಿ, ಪ್ರಕರಣವನ್ನು ಆಪ್ತ ಸಮಾಲೋಚಕರಿಗೆ ಒಪ್ಪಿಸಿದರು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 6ನೇ ಕಲಂ ಇಂಥ ಸಮಾಲೋಚಕರ ನೇಮಕಕ್ಕೆ ಅವಕಾಶ ಕೊಡುತ್ತದೆ. ವಕೀಲರು ಹೊರಗೆ ಉಳಿದರು. ಈ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ಮಾತಾಡುವುದನ್ನು ಹಕ್ಕಾಗಿ ಕೇಳುವಂತಿಲ್ಲ ಎಂಬುದು 13ನೇ ಕಲಮಿನ ನಿಯಮ. ನಡೆಯುತ್ತಿರುವ ಪ್ರಕರಣಗಳಲ್ಲಿ ಅನುಮತಿ ಸಿಗುತ್ತದೆ, ಆದರೆ ಸಂಧಾನದ ಕೋಣೆಯಲ್ಲಿ ಅವರ ಮಾತು ಬೇಕಾಗುವುದಿಲ್ಲ. ಜೊತೆಗೆ ಬಂದಿದ್ದ ನನ್ನ ಅಣ್ಣನನ್ನೂ ಅವರ ಕಾಕಾನನ್ನೂ ಸಮಾಲೋಚಕಿ ವಿನಯದಿಂದಲೇ ಹೊರಗೆ ಕೂರಿಸಿದರು. ಕಾಕಾಗೆ ಅದು ಬಹಳ ಬೇಸರವಾಯಿತು. ನನಗೆ ಮಾತ್ರ, ಮದುವೆಯಾದಂದಿನಿಂದ ನಮ್ಮಿಬ್ಬರ ವಿಷಯವನ್ನು ನಾವಿಬ್ಬರೇ ಕುಳಿತು ಮಾತಾಡಿರಲಿಲ್ಲ ಎಂಬುದು ಆ ಬಾಗಿಲು ಮುಚ್ಚಿದಾಗ ಹೊಳೆಯಿತು.

ಮೊದಲು ನಮ್ಮನ್ನು ಬೇರೆ ಬೇರೆಯಾಗಿ ಕರೆದರು. ಸಮಾಲೋಚಕಿ ನನಗೆ ಕೇಳಿದ ಮೊದಲ ಪ್ರಶ್ನೆ, ಹೊಡೆತ ಬಡಿತ ಇತ್ತೇ, ಅವರ ಎದುರು ಕುಳಿತು ಮಾತಾಡಲು ಹೆದರಿಕೆ ಇದೆಯೇ ಎಂಬುದು. ಇರಲಿಲ್ಲ, ಇಲ್ಲವೆಂದೆ. ಆ ಪ್ರಶ್ನೆಯನ್ನು ಮೊದಲಿಗೇ, ಒಂಟಿಯಾಗಿರುವಾಗಲೇ ಕೇಳಿದ್ದನ್ನು ನಾನು ಮರೆಯಲಾರೆ. ಹೊಡೆತಕ್ಕೆ ನಡುಗುವ ಹೆಣ್ಣನ್ನು ಹೊಡೆದವನ ಎದುರು ಕೂರಿಸಿ ರಾಜಿ ಮಾಡಿಸುವುದು ರಾಜಿಯಾಗುವುದಿಲ್ಲ. ಅಂಥವಳಿಗೆ ಮೊದಲು ಬೇಕಾದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಸಿಗುವ ರಕ್ಷಣಾ ಆದೇಶ ಮತ್ತು ಇರಲು ಒಂದು ಸೂರು. ಸಂಧಾನವನ್ನು ನಾನು ಇಷ್ಟು ಹೊಗಳುವಾಗ ಈ ಗೆರೆಯನ್ನು ದಾಟಿ ಹೊಗಳುತ್ತಿಲ್ಲ.

ಎರಡನೆಯದಾಗಿ ಅವರು ಹೇಳಿದ್ದು, ಈ ಕೋಣೆಯಲ್ಲಿ ಆಡಿದ ಮಾತು ಕಡತಕ್ಕೆ ಹೋಗುವುದಿಲ್ಲ ಎಂಬುದನ್ನು. ಸಂಧಾನ ಮುರಿದು ಬಿದ್ದರೂ ಇಲ್ಲಿ ಯಾರು ಏನು ಒಪ್ಪಿಕೊಂಡರು ಎಂಬುದನ್ನು ನಾಳೆ ಪಾಟಿ ಸವಾಲಿನಲ್ಲಿ ತೆಗೆಯುವಂತಿಲ್ಲ. ನ್ಯಾಯಾಧೀಶರಿಗೆ ಹೋಗುವ ವರದಿಯಲ್ಲಿ ರಾಜಿಯಾಗಿದ್ದರೆ ಅದರ ಷರತ್ತುಗಳು, ಆಗದಿದ್ದರೆ ಆಗಲಿಲ್ಲ ಎಂಬ ಒಂದು ಸಾಲು ಇರುತ್ತದೆ. ಮಧ್ಯಸ್ಥಿಕೆಯ ವರದಿ ಹೀಗೇ ಇರಬೇಕೆಂದು 2010ರ ಕೊನೆಯಲ್ಲಿ ಮೋತಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದು ವಕೀಲರು ನಂತರ ವಿವರಿಸಿದರು. ಈ ಭರವಸೆ ಸಿಗುವವರೆಗೆ ನಾನು ಆಕ್ಷೇಪಣೆಯಲ್ಲಿ ಬರೆದಿದ್ದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ.

ನನ್ನ ದೂರುಗಳನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಸಮಾಲೋಚಕಿ ತಡೆದರು. "ಟೀಚರ್, ಅತ್ತಿ ಏನಂದ್ರು, ಕಾಕಾ ಏನಂದ್ರು ಅನ್ನೋದು ಆಮ್ಯಾಲ ನೋಡೂಣ್ರಿ. ನಿಮಗ ಏನ್ ಬೇಕಾಗ್ಯದ, ಅದನ್ನ ಹೇಳ್ರಿ." ನನಗೆ ತಟ್ಟನೆ ಉತ್ತರ ಬರಲಿಲ್ಲ. ಬೇಡವಾದದ್ದರ ಪಟ್ಟಿ ಉದ್ದವಾಗಿತ್ತು, ಬೇಕಾದದ್ದನ್ನು ಯಾರೂ ಕೇಳಿರಲಿಲ್ಲ. ಮುಂದಿನ ತಾರೀಖಿಗೆ ಬರೆದುಕೊಂಡು ಬರಲು ಹೇಳಿದರು. ಕೆಲಸ ಬಿಡುವುದಿಲ್ಲ, ಪಗಾರ ನನ್ನ ಕೈಯಲ್ಲೇ ಇರಬೇಕು, ಬಂಗಾರ ವಾಪಸು ಬರಬೇಕು, ಮಗಳು ನನ್ನ ಬಳಿ ಓದಬೇಕು. ಬರೆದ ಮೇಲೆ ಓದಿ ನೋಡಿದೆ. ಅದರಲ್ಲಿ ಪತಿಯೊಡನೆ ಬಾಳಬೇಕು ಎಂಬ ಸಾಲು ಇರಲಿಲ್ಲ. ಅದನ್ನು ನಾನು ಬೇಕೆಂದು ಬಿಟ್ಟಿರಲಿಲ್ಲ.

ಪತಿಯೂ ಬರೆದು ತಂದಿದ್ದರು. ಜಂಟಿಯಾಗಿ ಕುಳಿತ ದಿನ ಎರಡೂ ಹಾಳೆಗಳು ಮೇಜಿನ ಮೇಲಿದ್ದವು. ನನ್ನ ಪಗಾರದ ವಿಷಯ ಅವರ ಹಾಳೆಯಲ್ಲಿ ಇರಲೇ ಇಲ್ಲ. "ಆಕಿ ಪಗಾರ ನನಗ ಬ್ಯಾಡ್ರಿ. ನಾಳಿಗಿ ಮಗಳು ನನ್ನ ಗುರ್ತಾ ಹಿಡೀಲಿಕ್ಕಿಲ್ಲ, ಅದೊಂದೇ ನನಗ ಹೆದ್ರಿಕಿ ಅದ" ಎಂದರು. ಹೈದರಾಬಾದಿಗೆ ಬಾ ಎಂಬ ಒತ್ತಾಯದ ಹಿಂದೆ ಇದ್ದದ್ದು ಈ ಹೆದರಿಕೆ. ಎಟಿಎಂ ಕಾರ್ಡಿನ ಹಿಂದೆ ಇದ್ದದ್ದು ತಂಗಿಯ ಮದುವೆಯ ಸಾಲ ತೀರಿಸುವ ಅತ್ತೆಯವರ ಚಿಂತೆ. ಎರಡನ್ನೂ ಕೂಡಿಸಿ ನಾನು ಒಬ್ಬರ ಮೇಲೆಯೇ ಹೊರಿಸಿಕೊಂಡು ಬಂದಿದ್ದೆ ಎನ್ನುವುದಕ್ಕಿಂತ, ಅವೆರಡನ್ನು ಬೇರೆ ಮಾಡಿ ತೋರಿಸುವ ಜಾಗವೇ ಅದುವರೆಗೆ ನಮಗೆ ಸಿಕ್ಕಿರಲಿಲ್ಲ ಎನ್ನಬೇಕು.

ಒಂದಾಗುವ ಸಾಧ್ಯತೆಯನ್ನು ಸಮಾಲೋಚಕಿ ಬದಿಗೆ ಸರಿಸಲಿಲ್ಲ. ಕಲಬುರಗಿಯಲ್ಲೇ ಬಾಡಿಗೆ ಮನೆ ಮಾಡಿ ಪತಿ ವಾರದ ಕೊನೆಗೆ ಬಂದು ಹೋಗುವುದಾದರೆ ಹೇಗೆ ಎಂದು ಕೇಳಿದರು. ನ್ಯಾಯಾಧೀಶರು ಅದಕ್ಕಾಗಿಯೇ ತಾರೀಖನ್ನು ದೂರ ಕೊಟ್ಟರು. ನಾವು ಪ್ರಾಮಾಣಿಕವಾಗಿ ಯೋಚಿಸಿದೆವು. ಅವರ ಕೆಲಸಕ್ಕೆ ಇಲ್ಲಿ ಅವಕಾಶವಿಲ್ಲ, ಅವರ ತಂದೆತಾಯಿ ಹೈದರಾಬಾದಿಗೆ ಹೋಗಿ ಅವರ ಜೊತೆಯೇ ಇದ್ದರು, ನನಗೆ ಆ ಮನೆಗೆ ಮರಳುವ ಮನಸ್ಸಿರಲಿಲ್ಲ. ಮುಂದಿನ ಜಂಟಿ ಭೇಟಿಯಲ್ಲಿ ಬೇರೆಯಾಗುವ ಮಾತನ್ನು ಮೊದಲು ಎತ್ತಿದವರು ಅವರು. ನನಗೆ ಅಳು ಬಂತು, ಆದರೆ ಬೇಡವೆನ್ನಲಿಲ್ಲ. ಸಮಾಲೋಚಕಿ ನಮ್ಮನ್ನು ಅವಸರಪಡಿಸಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಅಂದಿನಿಂದ ಮಾತು ಹೇಗೆ ಬೇರೆಯಾಗುವುದು ಎಂಬುದರ ಕಡೆ ತಿರುಗಿತು.

ಹಣದ ವಿಷಯ ನಾವು ಹೆದರಿದ್ದಕ್ಕಿಂತ ಬೇಗ ತೀರಿತು. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆದಾಯ, ಆಸ್ತಿ ಮತ್ತು ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದು ನಿಗದಿಪಡಿಸಿದೆ. ಇಬ್ಬರ ಪ್ರಮಾಣಪತ್ರಗಳೂ ಎದುರಿಗಿದ್ದುದರಿಂದ ಊಹೆಯ ಮೇಲೆ ಜಗಳವಾಡುವ ಪ್ರಸಂಗ ಬರಲಿಲ್ಲ. ಮಗಳಿಗೆ ತಿಂಗಳಿಗೆ 9,000 ರೂಪಾಯಿ, ಪ್ರತಿ ಏಪ್ರಿಲ್‌ಗೆ ಶೇ 5ರಷ್ಟು ಏರಿಕೆ, ಶಾಲೆಯ ಶುಲ್ಕದಲ್ಲಿ ಇಬ್ಬರದೂ ಅರ್ಧರ್ಧ ಎಂದು ಒಪ್ಪಿದೆವು. ಬಂಗಾರದ ಬಗ್ಗೆ ಮಾತ್ರ ಸ್ವಲ್ಪ ಎಳೆದಾಟವಾಯಿತು. ಅದು ಮನೆಯ ಕಷ್ಟಕ್ಕೆ ಬಳಕೆಯಾಯಿತೆಂಬುದು ಅವರ ವಾದ. ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು, ಗಂಡನ ಮನೆಯವರ ಕೈಯಲ್ಲಿದ್ದರೂ ಅವರು ಅದರ ಒಡೆಯರಾಗುವುದಿಲ್ಲ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ ಎಂಬುದನ್ನು ಅವರ ವಕೀಲರೇ ಅವರಿಗೆ ತಿಳಿಸಿ ಹೇಳಿದರು. ಸಾಲ ತೀರಿಸಿ, ಅಡವು ಬಿಡಿಸಿ, ಒಡವೆಗಳನ್ನು ನ್ಯಾಯಾಲಯದಲ್ಲಿ ಪಟ್ಟಿಯ ಸಮೇತ ನನಗೆ ಒಪ್ಪಿಸುವುದೆಂದು ಗೊತ್ತಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಮಗಳ ವಿಷಯ, ಅದು ಹಿಡಿಯಬೇಕಾದದ್ದೂ ಹೌದು. ನ್ಯಾಯಾಧೀಶರು ಅವಳನ್ನು ತಮ್ಮ ಚೇಂಬರಿಗೆ ಕರೆಸಿಕೊಂಡರು. ನಾವು ಹೊರಗೆ ನಿಂತಿದ್ದೆವು. ಅಪ್ಪ ಬೇಕೋ ಅವ್ವ ಬೇಕೋ ಎಂದು ಅವರು ಕೇಳಲಿಲ್ಲವೆಂದೂ, ಶಾಲೆಯ ಗೆಳತಿಯರ ಹೆಸರು ಕೇಳಿದರೆಂದೂ, ಅಪ್ಪ ಬಂದಾಗ ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆಂದೂ ಅವಳು ಹೊರಗೆ ಬಂದು ಹೇಳಿದಳು. ಅನಂತರ ಕುಳಿತು ನಾವು ಭೇಟಿಯ ಕ್ರಮವನ್ನು ಬರೆದೆವು. ತಿಂಗಳಿಗೊಮ್ಮೆ ಭೇಟಿಗೆ ಅವಕಾಶ ಎಂದಷ್ಟೇ ಬರೆದರೆ ಮುಂದೆ ಪ್ರತಿ ಭೇಟಿಯೂ ಹೊಸ ಜಗಳವಾದೀತೆಂದು ಸಮಾಲೋಚಕಿ ಎಚ್ಚರಿಸಿದ್ದರು. ಆದ್ದರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ, ಕರೆದೊಯ್ಯುವುದೂ ಬಿಡುವುದೂ ಕಲಬುರಗಿಯಲ್ಲಿರುವ ಪತಿಯ ಅಕ್ಕನ ಮನೆಯಲ್ಲಿ, ದಸರೆಯ ರಜೆಯ ಮೊದಲರ್ಧ ಅಪ್ಪನ ಜೊತೆ, ಯುಗಾದಿ ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ, ರಾತ್ರಿ ಎಂಟಕ್ಕೆ ಫೋನು ಎಂದು ಬಿಡಿಬಿಡಿಯಾಗಿ ಬರೆದೆವು. ಹೋಳಿಯ ನಂತರ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ತೇರೆಳೆಯುವ ದಿನ ಮಗಳು ತನ್ನ ಜೊತೆ ಇರಬೇಕೆಂದು ಅವರು ಕೇಳಿದರು. ಅವರ ಮನೆತನದಲ್ಲಿ ಆ ನಡೆ ಹಿಂದಿನಿಂದ ಬಂದದ್ದು. ಅದನ್ನೂ ಸೇರಿಸಿದೆವು. ಯಾವ ಪಂಚಾಯ್ತಿಯಲ್ಲೂ ಇಷ್ಟು ಸಣ್ಣ ಸಂಗತಿಗಳಿಗೆ ಯಾರೂ ಕಿವಿಗೊಟ್ಟಿರಲಿಲ್ಲ, ಆದರೆ ಮಗುವಿನ ಬದುಕು ನಡೆಯುವುದು ಇವುಗಳ ಮೇಲೆಯೇ.

ರಾಜಿ ಪತ್ರಕ್ಕೆ ಸಹಿಯಾದ ಮೇಲೆ ಅವರು 9ನೇ ಕಲಮಿನ ಅರ್ಜಿಯನ್ನೂ ನಾನು ಜೀವನಾಂಶದ ಅರ್ಜಿಯನ್ನೂ ಹಿಂತೆಗೆದುಕೊಂಡೆವು. ಇಬ್ಬರೂ ಕೂಡಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿ ಅರ್ಜಿ ಸಲ್ಲಿಸಿದೆವು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿದ್ದವರು ಮಾತ್ರ ಈ ಅರ್ಜಿ ಹಾಕಬಹುದು, ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಮತ್ತೆ ಬಂದು ಒಪ್ಪಿಗೆಯನ್ನು ದೃಢಪಡಿಸಬೇಕು. ಅಷ್ಟರೊಳಗೆ ಯಾರಾದರೂ ಮನಸ್ಸು ಬದಲಿಸಿದರೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ, ಬೇರೆಯಾಗಿ ಒಂದೂವರೆ ವರ್ಷವಾಗಿದ್ದು, ಸಂಧಾನದ ಪ್ರಯತ್ನಗಳು ಮುಗಿದು, ಹಣ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ನ್ಯಾಯಾಲಯ ಕೈಬಿಡಬಹುದು. ನಮ್ಮ ಪ್ರಕರಣ ಅದಕ್ಕೆ ಒಪ್ಪುವಂತಿತ್ತು, ವಕೀಲರೂ ಹಾಗೆ ಅರ್ಜಿ ಹಾಕೋಣವೆಂದರು. ನಾನು ಬೇಡವೆಂದೆ. ಭೇಟಿಯ ಕ್ರಮ ಕಾಗದದ ಮೇಲೆ ಚೆನ್ನಾಗಿದೆ, ನಿಜವಾಗಿ ನಡೆಯುತ್ತದೆಯೇ ಎಂಬುದನ್ನು ಡಿಕ್ರಿಗೆ ಮೊದಲೇ ನೋಡಬೇಕೆಂಬುದು ನನ್ನ ಹಟ. ಪತಿಯೂ ಒಪ್ಪಿದರು. ಕಾಯಬೇಕಾದ ಆ ತಿಂಗಳುಗಳನ್ನು ನಾವು ಹೀಗೆ ಬಳಸಿಕೊಂಡದ್ದು ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಉಪಯುಕ್ತವಾದದ್ದೆಂದು ನನ್ನ ಅಭಿಪ್ರಾಯ. ಭಾನುವಾರ ಸಂಜೆಯ ಗಡುವು ಮಗಳಿಗೆ ಅನುಕೂಲವಾಗಲಿಲ್ಲ, ಸೋಮವಾರದ ಶಾಲೆಗೆ ದಣಿದು ಹೋಗುತ್ತಿದ್ದಳು; ಅದನ್ನು ಮಧ್ಯಾಹ್ನಕ್ಕೆ ತಂದೆವು. ರಾತ್ರಿ ಎಂಟರ ಫೋನು ಏಳಕ್ಕೆ ಬಂತು. ತಿದ್ದಿದ ಷರತ್ತುಗಳೊಂದಿಗೆ ಹೊಸ ಪತ್ರವನ್ನು ಎರಡನೆಯ ಹಂತದಲ್ಲಿ ಸಲ್ಲಿಸಿದೆವು.

ಅಂದು ನ್ಯಾಯಾಧೀಶರು ಇಬ್ಬರನ್ನೂ ಪ್ರತ್ಯೇಕವಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೀರಾ ಎಂದು ಕೇಳಿ, ಹೇಳಿಕೆ ಬರೆಸಿಕೊಂಡರು. ಒಡವೆಗಳನ್ನು ಪಟ್ಟಿಯೊಡನೆ ತಾಳೆ ನೋಡಿ ಪಡೆದುಕೊಂಡೆ. ವಿಚಾರಣೆ ನಡೆದು ತೀರ್ಪಾಗಿದ್ದರೆ ಸೋತವರು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹೋಗುತ್ತಿದ್ದರು, ಇನ್ನಷ್ಟು ವರ್ಷ ಅದರಲ್ಲಿ ಕಳೆಯುತ್ತಿದ್ದವು. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲವೆಂದು 1984ರ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಆದರೆ ಮಗಳಿಗೆ ಸಂಬಂಧಿಸಿದ ಷರತ್ತುಗಳಿಗೆ ಬಾಗಿಲು ಮುಚ್ಚಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಡಿಕ್ರಿಯ ನಂತರವೂ ಅರ್ಜಿ ಸಲ್ಲಿಸಿ ಮಕ್ಕಳ ಪಾಲನೆ, ವಿದ್ಯಾಭ್ಯಾಸಗಳ ಆದೇಶವನ್ನು ಬದಲಿಸಿಕೊಳ್ಳಬಹುದು. ಮಗಳು ಹೈಸ್ಕೂಲಿಗೆ ಬಂದಾಗ ಶನಿವಾರಗಳ ಲೆಕ್ಕವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಆಗ ಮೊದಲು ನಾವಿಬ್ಬರೇ ಕುಳಿತು ಮಾತಾಡುವುದು, ಅವಳ ಅಭಿಪ್ರಾಯವನ್ನೂ ಕೇಳುವುದು, ಒಮ್ಮತಕ್ಕೆ ಬಾರದಿದ್ದರೆ ಮಾತ್ರ ನ್ಯಾಯಾಲಯಕ್ಕೆ ಹೋಗುವುದು ಎಂಬುದನ್ನು ರಾಜಿ ಪತ್ರದ ಕೊನೆಯ ಷರತ್ತಾಗಿ ಬರೆದಿದ್ದೇವೆ.